ರಾಜಮನೆತನದ ಶವಯಾತ್ರೆಯ ಮುದ್ರಣಚಿತ್ರಗಳು (18ನೆಯ ಶತಮಾನ)

ಅರಸು ಮನೆತನದವರ ಅಂತ್ಯಯಾತ್ರೆಯನ್ನು ತಾಮ್ರಫಲಕಗಳಲ್ಲಿ ಕೊರೆದು ಕಾಗದದ ಮೇಲೆ ಅಚ್ಚೊತ್ತುವ ಪದ್ಧತಿ ಯುರೋಪಿನಲ್ಲಿ 16ನೆಯ ಶತಮಾನದಿಂದಲೇ ಇತ್ತು. ಆರೆಂಜ್‌ನ ವಿಲಿಯಂನ ಶವಯಾತ್ರೆಯನ್ನು (1584) ಹೆಂಡ್ರಿಕ್ ಗೋಲ್ಟ್ಸಿಯಸ್ 12 ಫಲಕಗಳಲ್ಲಿ ಕೆತ್ತಿದ್ದನು. 18ನೆಯ ಶತಮಾನದ ಡಚ್ ಕೆತ್ತನೆಗಾರರು ಮುಂದುವರಿಸಿದ್ದು ಈ ಪರಂಪರೆಯನ್ನೇ.

ಇವುಗಳಲ್ಲಿ ಪ್ರಮುಖವಾದುದು ನಾಲ್ಕನೆಯ ವಿಲಿಯಂನ ಶವಯಾತ್ರೆಯ ಚಿತ್ರಮಾಲಿಕೆ. ವಿಲಿಯಂ ದೊರೆಯಲ್ಲ, ಡಚ್ ಗಣರಾಜ್ಯದ ಸ್ಟಾಟ್‌ಹೌಡರ್ ಎಂಬ ಅಧಿಕಾರಿ. ಆದರೆ ಆ ಪದವಿ 1747ರಲ್ಲಿ ವಂಶಪಾರಂಪರ್ಯವಾಗಿತ್ತು. 1751ರ ಅಕ್ಟೋಬರ್ 22ರಂದು ಅವನು ತೀರಿಕೊಂಡಾಗ ಮಗನಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್‌ನ ಮಗಳಾದ ಪತ್ನಿ ಆನ್, ಮಗನ ಪರವಾಗಿ ಆಡಳಿತ ವಹಿಸಿಕೊಂಡಳು. ಇಂತಹ ಹೊತ್ತಿನಲ್ಲಿ ಮನೆತನದ ಹಕ್ಕು ಗಟ್ಟಿಯಾಗಿದೆಯೆಂದು ಜನರಿಗೆ ಕಾಣಿಸುವ ಅಗತ್ಯವಿತ್ತು. 1752ರ ಫೆಬ್ರವರಿ 4ರಂದು ಶವಯಾತ್ರೆ ಹೇಗ್ ನಗರದಿಂದ ಡೆಲ್ಫ್ಟ್‌ನ ಹೊಸ ಚರ್ಚಿನಲ್ಲಿರುವ ಕುಟುಂಬದ ಸಮಾಧಿಗೆ ಸಾಗಿತು. ಪೀಟರ್ ವಾನ್ ಕಾಯ್ಕ್ ರೇಖಿಸಿದ ಚಿತ್ರಗಳನ್ನು ಯಾನ್ ಪುಂಟ್ ಸುಮಾರು 40 ಫಲಕಗಳಲ್ಲಿ ಕೆತ್ತಿದನು. ಗ್ರಂಥ 1755ರಲ್ಲಿ ಹೇಗ್‌ನಲ್ಲಿ ಪ್ರಕಟವಾಯಿತು. ಪುಂಟ್ ಆಮ್‌ಸ್ಟರ್‌ಡ್ಯಾಮಿನ ಹೆಸರಾಂತ ರಂಗನಟನೂ ಆಗಿದ್ದನೆಂಬುದು ಇಲ್ಲಿ ನೆನೆಯತಕ್ಕದ್ದು. 1759ರಲ್ಲಿ ಆನ್ ನಿಧನಳಾದಾಗ ಅವಳ ಶವಯಾತ್ರೆಯೂ ಇದೇ ರೀತಿ ಅಚ್ಚಾಯಿತು. ಅದರ ಕೆತ್ತನೆಗಾರ ಸಿಮೋನ್ ಫೋಕೆ.

ಈ ಬಗೆಯ ಚಿತ್ರಗಳಲ್ಲಿ ಮೆರವಣಿಗೆಯೇ ವಿಷಯ. ಊರು, ಬೀದಿ, ನೋಡುಗರ ಗುಂಪು ಹಿಂದೆ ಸರಿಯುತ್ತವೆ. ಸೈನಿಕರು, ಲಾಂಛನ ಹೊತ್ತವರು, ಕುದುರೆಗಳು, ಶವದ ರಥ, ಶೋಕವಸ್ತ್ರದ ಬಂಧುಗಳು ಪದವಿಯ ಅನುಕ್ರಮದಲ್ಲಿ ಸಾಲಾಗಿ ನಡೆಯುತ್ತಾರೆ. ಅವರ ಹೆಸರು ಮತ್ತು ಹುದ್ದೆಗಳನ್ನೂ ಬರೆಯುವುದು ವಾಡಿಕೆ. ಹಾಳೆಗಳನ್ನು ಜೋಡಿಸಿದರೆ ಇಡೀ ಯಾತ್ರೆ ಒಂದೇ ಪಟ್ಟಿಯಾಗಿ ಕಾಣುತ್ತದೆ. ಫಲಕದ ಚಿತ್ರ ಕಾಗದದ ಮೇಲೆ ಎಡಬಲ ತಿರುಗಿ ಮೂಡುವುದರಿಂದ ಮೆರವಣಿಗೆಯ ದಿಕ್ಕನ್ನೂ ಲಾಂಛನಗಳನ್ನೂ ಅಕ್ಷರಗಳನ್ನೂ ತಾಮ್ರದ ಮೇಲೆ ವಿಲೋಮವಾಗಿ ಕೊರೆಯಬೇಕಾಗಿತ್ತು.

ಇವನ್ನು ಕಣ್ಣಾರೆ ಕಂಡ ವರದಿಯೆಂದು ಓದುವುದು ಸರಿಯಲ್ಲ. ಚಳಿ, ಕೆಸರು, ನೂಕುನುಗ್ಗಲು ಇಲ್ಲಿ ಇರುವುದಿಲ್ಲ. ಯಾರು ಯಾರ ಮುಂದೆ ನಡೆಯಬೇಕೆಂಬ ಶಿಷ್ಟಾಚಾರಕ್ಕೆ ಮಾತ್ರ ಇವು ಬೆಲೆಯುಳ್ಳ ಆಧಾರ.

ಫ್ರಾನ್ಸಿನ ರೂಢಿ ಬೇರೆ. ಅಲ್ಲಿ ಮೆರವಣಿಗೆಗಿಂತ ಚರ್ಚಿನೊಳಗಿನ ಅಲಂಕೃತ ಶವಮಂಟಪಕ್ಕೆ ಪ್ರಾಧಾನ್ಯ. ಯುವರಾಜನ ಪತ್ನಿ ಮರೀ ತೆರೇಸಳ ಅಂತ್ಯವಿಧಿಯನ್ನು (ಸೇಂಟ್ ಡೆನಿ, 1746) ಕಿರಿಯ ಷಾರ್ಲ್ ನಿಕೊಲಾ ಕೊಷಾಂ ಹೀಗೆಯೇ ಚಿತ್ರಿಸಿದನು. 1774ರ ಮೇ ತಿಂಗಳಲ್ಲಿ ಸಿಡುಬಿನಿಂದ ಸತ್ತ ಹದಿನೈದನೆಯ ಲೂಯಿಯ ಶವವನ್ನಂತೂ ಸೋಂಕಿನ ಭಯದಿಂದ ರಾತ್ರಿಯ ವೇಳೆ ಅವಸರದಲ್ಲಿ ಸೇಂಟ್ ಡೆನಿಗೆ ಸಾಗಿಸಲಾಯಿತು.