ಸರ್ವೀಸ್ ಆದ ಮೇಲೆ ಬಿಚ್ಚಲಾಗದ ಗಾಲಿ ನಟ್: ಕಾರಣ, ಪರಿಹಾರ ಮತ್ತು ಗ್ರಾಹಕರ ಹಕ್ಕು

ಕಾರನ್ನು ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಸರ್ವೀಸ್ ಮಾಡಿಸಿ ತಂದು ಒಂದು ತಿಂಗಳಾಗಿರುತ್ತದೆ. ಒಂದು ಸಂಜೆ ದಾರಿಯಲ್ಲಿ ಟಯರ್ ಪಂಕ್ಚರ್ ಆಗುತ್ತದೆ. ಜಾಕ್ ಇದೆ, ಸ್ಟೆಪ್ನಿಯಲ್ಲಿ ಗಾಳಿ ಇದೆ, ಪಾನಾ ಕೂಡ ಇದೆ. ಆದರೆ ಗಾಲಿಯ ನಟ್ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಪಾನಾದ ಮೇಲೆ ಹತ್ತಿ ನಿಂತರೆ ನಟ್ಟಿನ ಮೂಲೆ ಸವೆದು ಪಾನಾ ಜಾರುತ್ತದೆ. ಅಲ್ಲಿಗೆ ಅರ್ಧ ಗಂಟೆಯ ಕೆಲಸ ಒಂದು ರಾತ್ರಿಯ ಕಷ್ಟವಾಗುತ್ತದೆ.

ಗಡಿನಾಡಿನ ಪ್ರಯಾಣಿಕರಿಗೆ ಈ ತೊಂದರೆ ಇನ್ನೂ ದೊಡ್ಡದು. ವಯನಾಡಿಗೆ ಹೋಗುವ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿರ್ಬಂಧವಿದೆ. ತಾಳವಾಡಿ ಕಡೆಯವರು ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ಅಲ್ಲಿಯೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಇಂಥ ಕಾಡು ದಾರಿಯಲ್ಲಿ ಕತ್ತಲಾಗುವ ಹೊತ್ತಿಗೆ ನಟ್ ಬಿಚ್ಚದೆ ನಿಂತರೆ ಸಹಾಯಕ್ಕೆ ಪಂಕ್ಚರ್ ಅಂಗಡಿಯೂ ಇರುವುದಿಲ್ಲ, ಮೆಕ್ಯಾನಿಕ್ ಕೂಡ ಇರುವುದಿಲ್ಲ.

ಗಾಲಿ ನಟ್ ಎಷ್ಟು ಬಿಗಿಯಾಗಿದ್ದರೆ ಅಷ್ಟು ಕ್ಷೇಮ ಎಂದು ಬಹಳ ಮಂದಿ ನಂಬಿದ್ದಾರೆ. ಇದು ತಪ್ಪು. ಬಿಗಿಗೂ ಒಂದು ಅಳತೆ ಇದೆ. ಅದಕ್ಕಿಂತ ಕಡಿಮೆಯಾದರೆ ಗಾಲಿ ಸಡಿಲವಾಗುತ್ತದೆ, ಹೆಚ್ಚಾದರೆ ಗಾಲಿಯನ್ನು ಹಿಡಿದಿರುವ ಸ್ಟಡ್ಡೇ ಕೆಡುತ್ತದೆ.

ನಟ್ ಮಾಡುವ ಕೆಲಸ ಏನು?

ಹೆಚ್ಚಿನ ಕಾರುಗಳಲ್ಲಿ ಹಬ್ಬಿನಿಂದ ನಾಲ್ಕು ಅಥವಾ ಐದು ಸ್ಟಡ್‌ಗಳು ಹೊರಗೆ ಚಾಚಿರುತ್ತವೆ. ಗಾಲಿಯನ್ನು ಅವುಗಳ ಮೇಲೆ ಕೂರಿಸಿ ನಟ್ ಹಾಕಲಾಗುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದ ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ. ಅಲ್ಲಿ ಬೋಲ್ಟನ್ನೇ ನೇರವಾಗಿ ಹಬ್ಬಿಗೆ ತಿರುಗಿಸುತ್ತಾರೆ.

ನಟ್ ಬಿಗಿದಾಗ ಉಕ್ಕಿನ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನಂತೆ ಅದು ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಈ ಒತ್ತಡದಿಂದಲೇ ಗಾಲಿ ನಿಂತಿರುತ್ತದೆ. ಸಾಮಾನ್ಯ ಕಾರಿನ 12 ಮಿಲಿಮೀಟರ್ ಸ್ಟಡ್ಡಿಗೆ 100 ನ್ಯೂಟನ್ ಮೀಟರ್ ಬಿಗಿ ಕೊಟ್ಟರೆ ಸುಮಾರು 4 ಟನ್ ಒತ್ತಡ ಸಿಗುತ್ತದೆ. ಕೈಯಿಂದ ಕೊಟ್ಟ ಶಕ್ತಿಯಲ್ಲಿ ಹೀಗೆ ಒತ್ತಡವಾಗಿ ಬದಲಾಗುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಥ್ರೆಡ್ ಮತ್ತು ನಟ್ಟಿನ ತಳದ ತಿಕ್ಕಾಟಕ್ಕೆ ಹೋಗುತ್ತದೆ.

ಮಿತಿಯೊಳಗೆ ಹಿಗ್ಗಿದ ಸ್ಟಡ್ ನಟ್ ಬಿಚ್ಚಿದಾಗ ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ದಾಟಿ ಎಳೆದರೆ ಮರಳುವುದಿಲ್ಲ. ಅಂಥ ಸ್ಟಡ್ ಹಿಡಿತ ಕಳೆದುಕೊಳ್ಳುತ್ತದೆ, ಇಲ್ಲವೇ ಮುಂದೊಂದು ದಿನ ತುಂಡಾಗುತ್ತದೆ.

ಎಷ್ಟು ಬಿಗಿ ಸಾಕು?

ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 130 ನ್ಯೂಟನ್ ಮೀಟರ್ ಬಿಗಿಯನ್ನು ತಯಾರಕರು ಸೂಚಿಸುತ್ತಾರೆ. ಟೊಯೊಟಾದ ಹಲವು ಕಾರುಗಳಿಗೆ 103, ಹೋಂಡಾದ ಹಲವು ಕಾರುಗಳಿಗೆ 108, ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳಿಗೆ 120 ಎಂಬ ಅಂಕಿ ಇದೆ. ನಿಮ್ಮ ಕಾರಿಗೆ ಎಷ್ಟು ಎಂಬುದನ್ನು ಕಾರಿನ ಜತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಈ ಅಂಕಿ ಕೈಗೆ ಹೇಗೆ ತಿಳಿಯುತ್ತದೆ? ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ ಸುಮಾರು 35 ಕಿಲೋ ಭಾರ ಹಾಕಿದರೆ 100 ನ್ಯೂಟನ್ ಮೀಟರ್ ಆಗುತ್ತದೆ. 70 ಕಿಲೋ ತೂಕದ ಮನುಷ್ಯ ಅದೇ ಪಾನಾದ ಮೇಲೆ ಹತ್ತಿ ನಿಂತರೆ 200 ದಾಟುತ್ತದೆ. ಅಂದರೆ ಬೇಕಾದ್ದಕ್ಕಿಂತ ಎರಡು ಪಟ್ಟು. ಹೀಗೆ ಕಾಲಿನಿಂದ ತುಳಿದು ಬಿಗಿಯುವ ರೂಢಿ ಹಲವು ಕಡೆ ಇದೆ. ಅದನ್ನು ಬಿಡುವುದು ಒಳ್ಳೆಯದು.

ತಪ್ಪು ಆಗುವುದು ಎಲ್ಲಿ?

ದೊಡ್ಡ ವರ್ಕ್‌ಶಾಪುಗಳಲ್ಲಿ ಗಾಳಿಯಿಂದ ಓಡುವ ಗನ್ನಿನಲ್ಲಿ ನಟ್ ಹಾಕುತ್ತಾರೆ. ಇಂಥ ಗನ್ನುಗಳಲ್ಲಿ 500 ನ್ಯೂಟನ್ ಮೀಟರಿಗೂ ಮೀರಿ ಬಿಗಿಯುವ ಶಕ್ತಿಯವು ಸಾಮಾನ್ಯ. ನಿಯಮದ ಪ್ರಕಾರ ಗನ್ನಿನಿಂದ ಸ್ವಲ್ಪ ಬಿಗಿದು, ಕೊನೆಯ ಬಿಗಿಯನ್ನು ಟಾರ್ಕ್ ರೆಂಚ್ ಎಂಬ ಅಳತೆಯ ಪಾನಾದಿಂದ ಕೊಡಬೇಕು. ದಿನಕ್ಕೆ ಹತ್ತಾರು ಕಾರು ಮುಗಿಸುವ ಅವಸರದಲ್ಲಿ ಈ ಕೊನೆಯ ಹಂತ ತಪ್ಪುತ್ತದೆ. ಗನ್ 300ರ ಮೇಲೆ ಬಿಗಿದ ನಟ್ಟನ್ನು ಕಾರಿನ ಜತೆ ಬರುವ ಗಿಡ್ಡ ಪಾನಾದಿಂದ ಬಿಚ್ಚುವುದು ಮನುಷ್ಯನ ತೂಕಕ್ಕೆ ಆಗದ ಮಾತು.

ಎರಡನೆಯ ತಪ್ಪು, ನಟ್ಟನ್ನು ಕೈಯಿಂದ ಎರಡು ಸುತ್ತು ತಿರುಗಿಸದೆ ನೇರವಾಗಿ ಗನ್ ಹಿಡಿಯುವುದು. ನಟ್ ಓರೆಯಾಗಿ ಕೂತರೂ ಗನ್ ಅದನ್ನು ತಿರುಗಿಸಿಬಿಡುತ್ತದೆ. ಥ್ರೆಡ್ ಹಾಳಾಗುತ್ತದೆ.

ಮೂರನೆಯದು, ಥ್ರೆಡ್ಡಿಗೆ ಗ್ರೀಸ್ ಅಥವಾ ಎಣ್ಣೆ ಹಚ್ಚಿ ಬಿಗಿಯುವುದು. ಎಣ್ಣೆಯಿಂದ ತಿಕ್ಕಾಟ ತಗ್ಗುವುದರಿಂದ ಅದೇ ಅಳತೆಯ ಬಿಗಿಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ತಯಾರಕರು ಹೇಳಿದ ಅಂಕಿ ಸಾಮಾನ್ಯವಾಗಿ ಸ್ವಚ್ಛವಾದ ಒಣ ಥ್ರೆಡ್ಡಿಗೆ.

ಹಾನಿಯ ಲಕ್ಷಣಗಳು

* ನಟ್ಟಿನ ಆರು ಮೂಲೆಗಳು ಸವೆದು ಗುಂಡಗಾಗುವುದು.
* ಹೊಳೆಯುವ ತಗಡಿನ ಟೋಪಿ ಇರುವ ನಟ್‌ಗಳಲ್ಲಿ ಆ ತಗಡು ಉಬ್ಬಿ, ಮೊದಲು ಸರಿಯಾಗಿ ಕೂರುತ್ತಿದ್ದ ಪಾನಾ ಈಗ ಕೂರದಿರುವುದು.
* ಬಿಚ್ಚುವಾಗ ಮೊದಲಿಂದ ಕೊನೆಯವರೆಗೂ ನಟ್ ಬಿಗಿಯಾಗಿಯೇ ಬರುವುದು. ಥ್ರೆಡ್ ಕಿತ್ತಿದೆ ಎಂಬುದರ ಗುರುತು ಇದು.
* ಬಿಗಿಯುವಾಗ ನಟ್ ತಿರುಗುತ್ತಲೇ ಇದ್ದು, ಬಿಗಿ ಮಾತ್ರ ಏರದಿರುವುದು. ಸ್ಟಡ್ ಹಿಗ್ಗಿದೆ ಅಥವಾ ಥ್ರೆಡ್ ಹೋಗಿದೆ ಎಂದು ಇದರ ಅರ್ಥ. ಅಂಥ ಗಾಲಿಯಲ್ಲಿ ಓಡಿಸಬಾರದು.
* ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುವುದು. ಒಂದು ನಟ್ ಅತಿಯಾಗಿ, ಇನ್ನೊಂದು ಕಡಿಮೆಯಾಗಿ ಬಿಗಿದರೆ ಬ್ರೇಕ್ ಡಿಸ್ಕ್ ಸ್ವಲ್ಪ ಓರೆಯಾಗಿ ತಿರುಗುತ್ತದೆ. ಕ್ರಮೇಣ ಅದರ ದಪ್ಪದಲ್ಲಿ ಏರುಪೇರಾಗಿ ನಡುಕ ಶುರುವಾಗುತ್ತದೆ.
* ಅಲಾಯ್ ಗಾಲಿಯಲ್ಲಿ ನಟ್ ಕೂರುವ ಜಾಗ ಜಜ್ಜಿ ಹೋಗುವುದು.

ಬಿಚ್ಚುವ ಕ್ರಮ

ಮೊದಲು ಹ್ಯಾಂಡ್ ಬ್ರೇಕ್ ಎಳೆದು, ಎದುರಿನ ಗಾಲಿಗೆ ಕಲ್ಲು ಕೊಡಬೇಕು. ನಟ್ ಸಡಿಲಿಸುವಾಗ ಗಾಲಿ ನೆಲದ ಮೇಲೆಯೇ ಇರಬೇಕು. ಜಾಕ್ ಮೇಲೆ ನಿಂತ ಕಾರಿನ ನಟ್ಟಿಗೆ ಬಲ ಹಾಕಿದರೆ ಕಾರು ಜಾಕಿನಿಂದ ಜಾರಿ ಬೀಳಬಹುದು.

ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯ ಸಾಕೆಟ್ ನಟ್ಟನ್ನು ಚೆನ್ನಾಗಿ ಹಿಡಿಯುತ್ತದೆ. ಅದನ್ನು ನಟ್ಟಿನ ಮೇಲೆ ಪೂರ್ತಿ ಕೂರಿಸಿ, ಎರಡೂವರೆ ಮೂರು ಅಡಿ ಉದ್ದದ ಗಟ್ಟಿ ಹಿಡಿಕೆಯಿಂದ ನಿಧಾನವಾಗಿ ಅಪ್ರದಕ್ಷಿಣವಾಗಿ ಬಲ ಕೊಡಬೇಕು. ಉದ್ದ ಹೆಚ್ಚಾದಷ್ಟೂ ಬಲ ಕಡಿಮೆ ಸಾಕು. ಎಗರಿ ತುಳಿಯುವುದರಿಂದ ಮೂಲೆ ಸವೆಯುತ್ತದೆ, ಕಾಲಿಗೂ ಪೆಟ್ಟಾಗುತ್ತದೆ.

ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಥ್ರೆಡ್ ಕಾಣುವ ಕಡೆ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಎಣ್ಣೆ ಬ್ರೇಕ್ ಡಿಸ್ಕ್‌ಗೆ ತಾಗದಂತೆ ನೋಡಿಕೊಳ್ಳಬೇಕು. ಗಾಲಿ ಮರಳಿ ಹಾಕುವ ಮುನ್ನ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು.

ಮೂಲೆ ಸವೆದ ನಟ್ಟಿಗೆ, ಒಳಗೆ ಸುರುಳಿ ಹಲ್ಲುಗಳಿರುವ ವಿಶೇಷ ಸಾಕೆಟ್ ಸಿಗುತ್ತದೆ. ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿದರೆ ಹಲ್ಲುಗಳು ನಟ್ಟನ್ನು ಕಚ್ಚಿ ಹಿಡಿಯುತ್ತವೆ. ಅದಿಲ್ಲದಿದ್ದರೆ ಸ್ವಲ್ಪ ಚಿಕ್ಕ ಅಳತೆಯ ಸಾಕೆಟ್ಟನ್ನೇ ಬಡಿದು ಕೂರಿಸಿ ಬಿಚ್ಚುವುದುಂಟು. ಉಬ್ಬಿದ ತಗಡಿನ ಟೋಪಿಯನ್ನು ಉಳಿಯಿಂದ ಸೀಳಿ ತೆಗೆದರೆ ಒಳಗಿನ ನಟ್ಟಿಗೆ ಚಿಕ್ಕ ಸಾಕೆಟ್ ಕೂರುತ್ತದೆ. ಹೀಗೆ ತೆಗೆದ ನಟ್ಟನ್ನು ಮತ್ತೆ ಬಳಸಬಾರದು.

ಗಾಳಿ ತುಂಬಿದ ಟಯರ್ ಇರುವಾಗ ಗ್ಯಾಸ್ ಜ್ವಾಲೆಯಿಂದ ನಟ್ ಕಾಯಿಸುವುದು ಅಪಾಯ. ಶಾಖಕ್ಕೆ ಟಯರ್ ಸಿಡಿದು ಪ್ರಾಣಕ್ಕೇ ಕುತ್ತು ಬರಬಹುದು. ಅಲಾಯ್ ಗಾಲಿಯ ಬಲವೂ ಶಾಖದಿಂದ ಕುಗ್ಗುತ್ತದೆ. ನಟ್ಟನ್ನು ಕತ್ತರಿಸುವ, ವೆಲ್ಡಿಂಗ್ ಮಾಡುವ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿಗೇ ಬಿಡಬೇಕು.

ಸ್ಟಡ್ ತುಂಡಾಗಿದ್ದರೆ ಹಬ್ಬಿನಿಂದ ಒತ್ತಿ ಹೊರತೆಗೆದು ಹೊಸದು ಹಾಕಲಾಗುತ್ತದೆ. ಒಂದು ತುಂಡಾಗಿದ್ದರೆ ಅದರ ಅಕ್ಕಪಕ್ಕದವೂ ಅತಿ ಬಿಗಿಗೆ ಸಿಕ್ಕಿರುತ್ತವೆ. ಆದ್ದರಿಂದ ಆ ಗಾಲಿಯ ಎಲ್ಲ ಸ್ಟಡ್ ಮತ್ತು ನಟ್ ಬದಲಿಸುವುದು ಕ್ಷೇಮ. ಹೊಸ ನಟ್ ಕೊಳ್ಳುವಾಗ ಥ್ರೆಡ್ ಮಾತ್ರವಲ್ಲ, ತಳದ ಆಕಾರವೂ ಹೊಂದಬೇಕು. ಹೆಚ್ಚಿನ ನಟ್ಟುಗಳ ತಳ ಶಂಕುವಿನ ಆಕಾರದ್ದು, ಹೋಂಡಾದ ಮೂಲ ನಟ್ಟುಗಳ ತಳ ಗುಂಡಗಿರುತ್ತದೆ. ಒಂದರ ಬದಲು ಇನ್ನೊಂದು ಹಾಕಿದರೆ ನಟ್ ಸರಿಯಾಗಿ ಕೂರದೆ ಸಡಿಲವಾಗುತ್ತದೆ.

ಮತ್ತೆ ಬಿಗಿಯುವಾಗ

ಹಬ್ ಮತ್ತು ಗಾಲಿ ಸೇರುವ ಜಾಗದ ಮಣ್ಣು, ತುಕ್ಕು ಒರೆಸಬೇಕು. ಎಲ್ಲ ನಟ್ಟುಗಳನ್ನೂ ಮೊದಲು ಕೈಯಿಂದಲೇ ತಿರುಗಿಸಬೇಕು. ಬಳಿಕ ಒಂದಾದ ಮೇಲೆ ಅದರ ಎದುರಿನದು ಎಂಬಂತೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೊನೆಯ ಬಿಗಿ ಟಾರ್ಕ್ ರೆಂಚಿನಿಂದ ಆಗಬೇಕು. 50ರಿಂದ 100 ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸಬೇಕು.

ವರ್ಕ್‌ಶಾಪಿನ ಹೊಣೆ, ಗ್ರಾಹಕರ ಹಕ್ಕು

ಇಂಥ ದೂರು ಕೊಟ್ಟಾಗ ವರ್ಕ್‌ಶಾಪಿನವರು ಹೇಳುವ ಮೊದಲ ಮಾತು, "ಆಮೇಲೆ ಯಾರೋ ಪಂಕ್ಚರ್ ಅಂಗಡಿಯವರು ಬಿಗಿದಿರಬೇಕು" ಎಂಬುದು. ಆದ್ದರಿಂದ ಗಾಲಿ ಬಿಚ್ಚಿದ ಯಾವುದೇ ಸರ್ವೀಸ್ ಆದ ಮೇಲೆ, ಕಾರು ಹೊರಗೆ ತರುವ ಮುನ್ನವೇ ನಟ್ಟುಗಳನ್ನು ನೋಡಬೇಕು. ಅನುಮಾನ ಬಂದರೆ ನಟ್ ಸಡಿಲಿಸಿ ಎದುರಿನಲ್ಲೇ ಟಾರ್ಕ್ ರೆಂಚಿನಿಂದ ಬಿಗಿಯಲು ಕೇಳುವುದರಲ್ಲಿ ತಪ್ಪಿಲ್ಲ. ಬಿಗಿಯಾದ ನಟ್ಟಿನ ಮೇಲೆ ರೆಂಚ್ ಇಟ್ಟು ಕ್ಲಿಕ್ ಎನ್ನಿಸಿ ತೋರಿಸಿದರೆ ಸಾಲದು. ಅತಿಯಾಗಿ ಬಿಗಿದ ನಟ್ಟಿನ ಮೇಲೂ ರೆಂಚ್ ಕ್ಲಿಕ್ ಎನ್ನುತ್ತದೆ.

ಹಾನಿ ಕಂಡರೆ ಜಾಬ್ ಕಾರ್ಡ್, ಬಿಲ್ಲು, ಫೋಟೋ, ತುಂಡಾದ ಸ್ಟಡ್, ಸವೆದ ನಟ್ ಎಲ್ಲವನ್ನೂ ಇಟ್ಟುಕೊಳ್ಳಬೇಕು. ಸರ್ವೀಸಿನ ನಂತರ ಬೇರೆ ಯಾರೂ ಗಾಲಿ ಬಿಚ್ಚಿಲ್ಲ ಎಂಬುದನ್ನು ಬರವಣಿಗೆಯ ದೂರಿನಲ್ಲಿ ತಿಳಿಸಬೇಕು. ಬೇರೆ ಮೆಕ್ಯಾನಿಕ್ಕಿನಿಂದ ಬರೆಸಿದ ಅಭಿಪ್ರಾಯವಿದ್ದರೆ ಇನ್ನೂ ಒಳ್ಳೆಯದು. ದೂರಿನ ಪ್ರತಿಯನ್ನು ಕಾರು ಕಂಪನಿಗೂ ಕಳುಹಿಸಬೇಕು.

ಅಲ್ಲಿಯೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915 ಸಂಖ್ಯೆಯಲ್ಲಿ ಕರೆ ಮಾಡಬಹುದು. ನಂತರದ ಹಾದಿ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡದಿರುವುದು ಕಾನೂನಿನಲ್ಲಿ ಸೇವಾ ನ್ಯೂನತೆ ಎನಿಸುತ್ತದೆ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ಕಾರು ಸರ್ವೀಸ್ ಮಾಡಿಸುವುದು ಸಾಮಾನ್ಯ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರ ಊರಿನಲ್ಲಿ ಅಥವಾ ವ್ಯಾಜ್ಯ ಹುಟ್ಟಿದ ಊರಿನಲ್ಲಿ ದೂರು ಹೂಡಬೇಕಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ರಾಜ್ಯದ ಗಡಿ ಇದಕ್ಕೆ ಅಡ್ಡಿಯಲ್ಲ. ಕೆಲಸ ಕೆಡಿಸಿದ ವರ್ಕ್‌ಶಾಪ್ ಮಂಗಳೂರಿನಲ್ಲಿದ್ದರೂ ಕಾಸರಗೋಡಿನಲ್ಲೇ ನ್ಯಾಯ ಕೇಳಬಹುದು.

ಇಷ್ಟೆಲ್ಲ ತಾಪತ್ರಯ ತಪ್ಪಿಸಲು ಸುಲಭದ ದಾರಿಯೂ ಇದೆ. ಸರ್ವೀಸ್ ಆದ ಮರುದಿನ ಮನೆಯಂಗಳದಲ್ಲಿ, ಕಾರಿನ ಜತೆ ಬಂದ ಪಾನಾದಿಂದಲೇ ಪ್ರತಿ ಗಾಲಿಯ ಒಂದೊಂದು ನಟ್ ಸಡಿಲಿಸಿ ಮರಳಿ ಸರಿಯಾಗಿ ಬಿಗಿಯಬೇಕು. ಹತ್ತು ನಿಮಿಷದ ಕೆಲಸ. ಅಂಗಳದಲ್ಲಿ ಬಿಚ್ಚಲಾಗದ ನಟ್ ಘಾಟಿಯಲ್ಲಿಯೂ ಬಿಚ್ಚುವುದಿಲ್ಲ. ಅದನ್ನು ಅದೇ ದಿನ ವರ್ಕ್‌ಶಾಪಿಗೆ ಒಯ್ದರೆ ಅವರು ಬೇರೆಯವರ ಮೇಲೆ ತಪ್ಪು ಹೊರಿಸುವುದೂ ಕಷ್ಟ.