ಹಸಿವಿಗೊಂದು ಪುರಾವೆ ಕೊಡಿ

ನಮ್ಮ ಆಲೂರು, ಸಕಲೇಶಪುರದ ಕಡೆ 'ನ್ಯಾಯಬೆಲೆ ಅಂಗಡಿ' ಅನ್ನುವ ಮಾತು ಬೋರ್ಡಿನ ಮೇಲಷ್ಟೇ ಇರುತ್ತದೆ. ಜನರ ಬಾಯಲ್ಲಿ ಅದು 'ಸೊಸೈಟಿ'. ಅಲ್ಲಿ ಸಿಗುವುದು ಸೊಸೈಟಿ ಅಕ್ಕಿ. ಹಾಗೆಯೇ 'ಪಡಿತರ ಚೀಟಿ' ಅಂತ ಯಾರೂ ಅನ್ನುವುದಿಲ್ಲ, ಬರೀ 'ಕಾರ್ಡು'. 'ಕಾರ್ಡ್ ಆಯ್ತಾ?' ಅಂತ ಕೇಳಿದರೆ ಯಾವ ಕಾರ್ಡು ಅಂತ ಯಾರೂ ತಿರುಗಿ ಕೇಳುವುದಿಲ್ಲ.

ಈ ಕಾರ್ಡಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅಕ್ಕಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರುವುದು ಅರ್ಜಿಯ ಬಗ್ಗೆ. ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಫಾರಂ ಮಾಡುವುದು ಅದರಲ್ಲಿ ಅತಿ ಬೋರಿನ ಭಾಗ. ಆದರೆ ಫಾರಂನಲ್ಲಿ ಒಂದು ಖಾನೆಗೆ ಕೆಂಪು ನಕ್ಷತ್ರ ಹಾಕಿದರೆ ಅದನ್ನು ತುಂಬಲಾಗದವನು ಅಲ್ಲೇ ನಿಂತುಬಿಡುತ್ತಾನೆ. ಆ ಖಾನೆ ಇಟ್ಟವನ ತಲೆಯಲ್ಲಿ ಎಂಥ ಮನುಷ್ಯ ಇದ್ದ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಸರ್ಕಾರ ಹಸಿದವರಿಗೆ ಅನ್ನ ಕೊಟ್ಟ ಸುಮಾರು 150 ವರ್ಷದ ಇತಿಹಾಸವನ್ನು ಹೀಗೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಒಂದೊಂದು ಕಾಲಕ್ಕೂ ಒಂದೊಂದು ಹೊಸ ಖಾನೆ. ನಮ್ಮ ಗುಡ್ಡಗಳ ಎಸ್ಟೇಟ್ ಲೈನಿನ ಜನ ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡಿದ್ದು ಈ ಖಾನೆಗಳಲ್ಲೇ.

ಶುರು ಮಾಡುವುದಾದರೆ 1876ರಿಂದ ಮಾಡಬೇಕು. ಧಾತು ಮತ್ತು ಈಶ್ವರ ಸಂವತ್ಸರದ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಬಂತು ಅಂದರೆ ಬರ ಎಂಥದ್ದು ಅಂತ ನೀವೇ ಊಹಿಸಿ. ಹಸಿದವರಿಗೆ ಗಂಜಿ ಹಾಕಬೇಕೋ ಕೆಲಸ ಕೊಡಬೇಕೋ ಅನ್ನುವ ವಾದ ಶುರುವಾಗಿದ್ದು ಆಗಲೇ. ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ 1877ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಒಂದು ಲೆಕ್ಕ ಕೊಟ್ಟ: ಬರ ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಒಂದು ಪೌಂಡ್ ಅಂದರೆ ಅರ್ಧ ಕೇಜಿಗಿಂತ ಕಮ್ಮಿ! ಜೊತೆಗೆ ಕಾಮಗಾರಿ ಮನೆಯಿಂದ ಹತ್ತು ಮೈಲಿ ದೂರ ಇರಬೇಕು ಅನ್ನುವ ನಿಯಮ ಬೇರೆ. ನಿಜವಾಗಿ ಹಸಿದವನು ಅಷ್ಟು ದೂರ ನಡೆದು ಬರುತ್ತಾನೆ, ಸುಳ್ಳು ಹಸಿವಿನವನು ಬರುವುದಿಲ್ಲ ಅನ್ನುವ ತರ್ಕ. ಮೈಸೂರಿಗೂ ಅದೇ ವರ್ಷ ಚಾರ್ಲ್ಸ್ ಎಲಿಯಟ್ ಬರ ಕಮಿಷನರ್ ಆಗಿ ಬಂದ. ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ನಡೆದದ್ದು ಈ ಬರದ ಕೂಲಿಗಳ ಕೈಯಿಂದಲೇ.

ನಿಜವಾಗಿ ಹಸಿದವನಿಗೆ ಹತ್ತು ಮೈಲಿ ನಡೆಯುವ ಶಕ್ತಿಯೇ ಇರುವುದಿಲ್ಲ ಅನ್ನುವುದು ಆ ನಿಯಮ ಬರೆದವರಿಗೆ ಹೊಳೆಯಲಿಲ್ಲ. ಹಸಿವಿಗೆ ಕೇಳಿದ ಮೊದಲ ಪುರಾವೆ ಇದು ಅಂತ ನನ್ನ ಲೆಕ್ಕ. ಪುರಾವೆ ಕೊಡುವ ತಾಕತ್ತು ಇದ್ದವನು ಪಾಸು, ಇಲ್ಲದವನು ಫೇಲು.

ಆಗ ನಮ್ಮ ಕಡೆಗೆ ಮಂಜರಾಬಾದ್ ಅಂತ ಹೆಸರು. ಮಳೆ ನೆಚ್ಚಬಹುದಾದ ಸೀಮೆ, ಕಣಿವೆಗಳಲ್ಲಿ ಭತ್ತದ ಗದ್ದೆ, ಗುಡ್ಡದ ಮೇಲೆ ಹೊಸದಾಗಿ ಎದ್ದ ಕಾಫಿ ತೋಟಗಳು. ಹೀಗಾಗಿ ಬರ ಬಯಲುಸೀಮೆಗೆ ಬಡಿದ ಹಾಗೆ ಇಲ್ಲಿಗೆ ಬಡಿಯಲಿಲ್ಲ. ತೋಟಗಳಿಗೆ ಬಯಲುಸೀಮೆಯಿಂದ, ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ಕರೆತರುತ್ತಿದ್ದರು. ಆ ಆಳುಗಳು ಉಳಿಯಲು ಸಾಲಾಗಿ ಕಟ್ಟಿದ ಮನೆಗಳೇ 'ಲೈನ್'. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲೈನಿನ ಮನೆ ದೊರೆಯದ್ದು. ಕೆಲಸ ಇರುವ ತನಕ ಮನೆ. ಸ್ವಾತಂತ್ರ್ಯ ಬಂದಮೇಲೆ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ದೊಡ್ಡ ತೋಟಗಳ ಮಾಲೀಕರಿಗೆ ಕಾರ್ಮಿಕರಿಗೆ ಮನೆ ಕೊಡುವ ಹೊಣೆ ಹೊರಿಸಿತು. ಆದರೆ ಆ ಮನೆ ಯಾರ ಹೆಸರಿನಲ್ಲಿ ಅನ್ನುವುದೇನೂ ಬದಲಾಗಲಿಲ್ಲ.

ರೇಷನ್ ಅನ್ನುವುದು ಬಂದದ್ದು ಎರಡನೇ ಮಹಾಯುದ್ಧದಲ್ಲಿ. 1942ರಲ್ಲಿ ಜಪಾನಿನವರು ರಂಗೂನ್ ಹಿಡಿದರು, ಬರ್ಮಾ ಅಕ್ಕಿ ನಿಂತಿತು. ಮರುವರ್ಷ ಬಂಗಾಳದ ಕ್ಷಾಮ. 1943ರಲ್ಲಿ ಗ್ರೆಗರಿ ಸಮಿತಿ, ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ರೇಷನ್ ತನ್ನಿ ಅಂತ ಹೇಳಿತು. ಮೈಸೂರು ಸಂಸ್ಥಾನವೂ ಬೆಳೆದವರಿಂದ ಧಾನ್ಯವನ್ನು ಕಡ್ಡಾಯವಾಗಿ ಕೊಂಡು ಪಟ್ಟಣದವರಿಗೆ ಅಳೆದು ಕೊಡುವ ಪದ್ಧತಿಗೆ ಬಂತು. ಇಲ್ಲಿ ಗಮನಿಸಬೇಕಾದ್ದು ಅರ್ಜಿಯ ಪ್ರಶ್ನೆ. 'ನೀನು ಬಡವನೋ?' ಅಂತ ಅದು ಕೇಳುತ್ತಿರಲಿಲ್ಲ. 'ಮನೆಯಲ್ಲಿ ಎಷ್ಟು ತಲೆ?' ಅಂತ ಕೇಳುತ್ತಿತ್ತು. ವಕೀಲನಿಗೂ ಗಾಡಿ ಹೊಡೆಯುವವನಿಗೂ ಅದೇ ಪ್ರಶ್ನೆ.

ಮಲೆನಾಡಿಗೆ ಈ ವ್ಯವಸ್ಥೆ ಪರಿಚಯವಾದದ್ದು ಮಾತ್ರ ಇನ್ನೊಂದು ತುದಿಯಿಂದ. ನಾವು ಕೊಡುವವರು! ಯುದ್ಧದ ಕಾಲದಲ್ಲಿ, ಆಮೇಲೆ 60-70ರ ದಶಕದಲ್ಲಿ ಮತ್ತೊಮ್ಮೆ, ಭತ್ತದ ಮೇಲೆ ಲೆವಿ ಬಂತು. 1965-67ರ ಬರ, ಅಮೆರಿಕದ ಪಿಎಲ್ 480 ಗೋಧಿಯ ಹಡಗುಗಳು, 1965ರಲ್ಲಿ ಹುಟ್ಟಿದ ಭಾರತೀಯ ಆಹಾರ ನಿಗಮ ಎಲ್ಲಾ ಆ ಕಾಲದ್ದೇ. ಲೆವಿ ಅಧಿಕಾರಿ ಬರುತ್ತಾನೆ ಅಂತ ಸುದ್ದಿ ಬಂದರೆ ಕಣಜದ ಭತ್ತ ಮುಚ್ಚಿಟ್ಟ ಕತೆಗಳು ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಸಿಗುತ್ತವೆ. ನಮ್ಮ ಅಜ್ಜಿ ಹೇಳುವಾಗಂತೂ ಅದು ಪತ್ತೇದಾರಿ ಕತೆಯ ಹಾಗೇ ಇರುತ್ತಿತ್ತು. ಇವತ್ತು ಅದೇ ಗದ್ದೆಗಳಲ್ಲಿ ಎಷ್ಟೋ ಪಾಳು ಬಿದ್ದಿವೆ. ಕೆಲವು ಶುಂಠಿಗೆ ಹೋದವು, ಕೆಲವು ಅಡಿಕೆಗೆ, ಕೆಲವನ್ನು ಆನೆ ಕಾಟ ತಾಳಲಾರದೆ ಬಿಟ್ಟರು. ಲೆವಿ ಕೊಟ್ಟ ಮನೆಯ ಮೊಮ್ಮಕ್ಕಳು ಸೊಸೈಟಿ ಅಕ್ಕಿಗೆ ಚೀಲ ಹಿಡಿದು ನಿಂತಿದ್ದಾರೆ.

ಕರ್ನಾಟಕದಲ್ಲಿ 1973ರಲ್ಲಿ ಆಹಾರ ನಾಗರಿಕ ಸರಬರಾಜು ನಿಗಮ ಬಂತು. 80ರ ದಶಕದಲ್ಲಿ, ರಾಮಕೃಷ್ಣ ಹೆಗಡೆಯವರ ಕಾಲಕ್ಕೆ, ಬಡವರಿಗೆ ಬೇರೆಯಾಗಿ 'ಹಸಿರು ಕಾರ್ಡ್' ಬಂತು. ಕಾರ್ಡಿಗೆ ಬಣ್ಣ ಬಂದದ್ದು ಅಲ್ಲಿಂದ. ಆದರೂ ದೇಶದ ಮಟ್ಟದಲ್ಲಿ ರೇಷನ್ ಎಲ್ಲರದ್ದೂ ಆಗಿತ್ತು. ಅದು ಪೂರ್ತಿ ಬದಲಾದದ್ದು 1997ರ ಜೂನ್‌ನಲ್ಲಿ, ಉದ್ದೇಶಿತ ಪಡಿತರ ಪದ್ಧತಿ ಬಂದಾಗ. ಇದರ ತೀರ್ಮಾನ ಆದದ್ದು ಸಂಯುಕ್ತ ರಂಗದ ಸರ್ಕಾರದಲ್ಲಿ, ನಮ್ಮ ಹಾಸನ ಜಿಲ್ಲೆಯವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ. ಜಾರಿಗೆ ಬರುವಷ್ಟರಲ್ಲಿ ಗುಜ್ರಾಲ್ ಪ್ರಧಾನಿಯಾಗಿದ್ದರು. ಉದ್ದೇಶ ಒಳ್ಳೆಯದೇ ಇತ್ತು, ಇರುವ ಅಕ್ಕಿ ಬಡವರಿಗೆ ಹೆಚ್ಚು ಅಗ್ಗವಾಗಿ ಸಿಗಲಿ ಅಂತ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ತಿಂಗಳಿಗೆ 10 ಕೇಜಿ, ಅರ್ಧ ಬೆಲೆಗೆ. 2000ದಲ್ಲಿ ಅದು 20 ಕೇಜಿ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಡುಬಡವರಿಗೆ ಅಂತ್ಯೋದಯ ಕಾರ್ಡು ಬಂತು.

ಆದರೆ ಪ್ರಶ್ನೆ ಬದಲಾಯಿತು ನೋಡಿ. 'ಎಷ್ಟು ತಲೆ?' ಹೋಗಿ 'ನೀನು ಬಡವ ಅನ್ನುವುದಕ್ಕೆ ಏನು ಸಾಕ್ಷಿ?' ಬಂತು. ಕೇಂದ್ರದ ಅಂದಾಜಿನಲ್ಲಿ 1993-94ಕ್ಕೆ ಕರ್ನಾಟಕದ ಬಡವರು ಶೇಕಡಾ 33.16. ದಶಮಾಂಶದವರೆಗೆ ಗೊತ್ತು! ಆದರೆ ಆ ಮೂವರಲ್ಲಿ ಒಬ್ಬ ಯಾರು ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವುದು ಗ್ರಾಮ ಲೆಕ್ಕಿಗರ, ಫುಡ್ ಇನ್ಸ್‌ಪೆಕ್ಟರರ ತಲೆಗೆ ಬಂತು.

ಹಳ್ಳಿಯಲ್ಲಿ ವರ್ಷಕ್ಕೆ 12,000 ರೂಪಾಯಿ, ಪಟ್ಟಣದಲ್ಲಿ 17,000. ಬಿಪಿಎಲ್ ಕಾರ್ಡಿಗೆ ನಮ್ಮ ರಾಜ್ಯದಲ್ಲಿ ಬಹಳ ಕಾಲ ಇದ್ದ ಆದಾಯದ ಮಿತಿ ಇದು. ಒಂದು ಲೆಕ್ಕ ಹಾಕೋಣ. ಲೈನಿನ ಗಂಡ ಹೆಂಡತಿ ಇಬ್ಬರೂ ತಿಂಗಳಿಗೆ 20 ದಿನ ದುಡಿದರು, ಕೂಲಿ ಬರೀ 50 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 24,000. ಮಿತಿಯ ಎರಡರಷ್ಟು! ಅಂದರೆ ನಿಜ ಬರೆದ ಯಾವ ಕೂಲಿಯವನಿಗೂ ಕಾರ್ಡು ಸಿಗುವಂತಿರಲಿಲ್ಲ. ಹೀಗಾಗಿ ಎಲ್ಲರ ಆದಾಯವೂ ಕಾಗದದ ಮೇಲೆ ಹನ್ನೊಂದು ಸಾವಿರವೇ ಆಗಬೇಕಿತ್ತು. ಕೂಲಿಯವನು ಹಾಗೆ ಬರೆಸಿದ, ಹತ್ತು ಎಕರೆ ತೋಟದವನೂ ಹಾಗೇ ಬರೆಸಿದ. ಆಮೇಲೆ ಸರ್ಕಾರ 'ಬೋಗಸ್ ಕಾರ್ಡು ಜಾಸ್ತಿಯಾಗಿದೆ' ಅಂತ ಕೂಗಿತು. ಸುಳ್ಳು ಹೇಳದೆ ಪಾಸಾಗಲು ಬಾರದ ಪರೀಕ್ಷೆ ಇಟ್ಟು, ಸುಳ್ಳು ಹೇಳಿದರು ಅಂದರೆ?

ಬೋಗಸ್ ಕಾರ್ಡು ಹಿಡಿಯಲು 2010ರ ದಶಕದ ಆರಂಭದಲ್ಲಿ ಬಂದ ಖಾನೆ ಇದೆಯಲ್ಲ, ಅದು ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಮನೆಯ ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಕೊಡಿ! ಒಂದು ಮೀಟರು, ಒಂದು ಮನೆ, ಒಂದು ಕಾರ್ಡು. ಬೆಂಗಳೂರಿನಲ್ಲಿ ಕೂತು ನೋಡಿದರೆ ಎಂಥ ಚಂದದ ಐಡಿಯಾ. ಡೇಟಾಬೇಸ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ 'ಕೀ' ಸಿಗುವುದಿಲ್ಲ. ಆದರೆ ಲೈನಿನಲ್ಲಿ? ಆರು ಮನೆಗೆ ಒಂದೇ ಸೂರು. ಕರೆಂಟ್ ಇದ್ದರೆ ಅದು ಎಸ್ಟೇಟಿನ ಹೆಸರಲ್ಲಿ. ಪಂಚಾಯ್ತಿಯ ಮನೆ ನಂಬರ್ ಇಲ್ಲ, ಕಂದಾಯದ ರಶೀದಿ ಇಲ್ಲ, ಬಾಡಿಗೆ ಚೀಟಿ ಇಲ್ಲ. ವಿಳಾಸಕ್ಕೆ ಎಸ್ಟೇಟಿನ ರೈಟರ್ ಒಂದು ಚೀಟಿ ಬರೆದುಕೊಡಬೇಕು. ಇಷ್ಟು ವರ್ಷ ಇಲ್ಲೇ ಇದ್ದಾರೆ ಅಂತ ಬರೆದುಕೊಟ್ಟರೆ ನಾಳೆ ಮನೆ ಖಾಲಿ ಮಾಡಿಸುವುದು ಕಷ್ಟ ಅಂತ ಹಿಂಜರಿಯುವ ಮಾಲೀಕರೂ ಇದ್ದರು. ಅಂದರೆ ಅಕ್ಕಿಯ ಅರ್ಜಿ ಹೋಗಿ ಜಾಗದ ಜಗಳಕ್ಕೆ ತಗಲಿಕೊಳ್ಳುತ್ತಿತ್ತು.

ನಮ್ಮ ವೃತ್ತಿಯಲ್ಲಿ ಎರಡು ಬಗೆಯ ತಪ್ಪಿನ ಬಗ್ಗೆ ಮಾತಾಡುತ್ತೇವೆ. ಒಳಗೆ ಬರಬಾರದವನು ಬಂದದ್ದು ಒಂದು, ಬರಬೇಕಾದವನು ಹೊರಗೆ ಉಳಿದದ್ದು ಇನ್ನೊಂದು. ಮೊದಲನೆಯದಕ್ಕೆ ಹೆಸರಿದೆ, ಬೋಗಸ್ ಕಾರ್ಡು. ಅದನ್ನು ಎಣಿಸುತ್ತಾರೆ, ವಿಧಾನಸಭೆಯಲ್ಲಿ ಚರ್ಚೆ ಮಾಡುತ್ತಾರೆ. ಎರಡನೆಯದಕ್ಕೆ ಹೆಸರೇ ಇಲ್ಲ. ಯಾಕೆಂದರೆ ಅರ್ಜಿಯನ್ನೇ ಹಾಕಲಾಗದವನು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಒಂದು ಬಗೆಯ ತಪ್ಪನ್ನು ಮಾತ್ರ ಎಣಿಸುವ ವ್ಯವಸ್ಥೆ ಆ ಒಂದನ್ನೇ ತಿದ್ದುತ್ತಾ ಹೋಗುತ್ತದೆ, ಖಾನೆಗಳು ಹೆಚ್ಚುತ್ತಾ ಹೋಗುತ್ತವೆ.

2001ರಲ್ಲಿ ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿ ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಯಾಕೆ ಹಸಿದಿರಬೇಕು ಅಂತ ಕೇಳಿದ್ದು, ಕೊನೆಗೆ 2013ರ ಆಹಾರ ಭದ್ರತಾ ಕಾಯ್ದೆ ಬಂದದ್ದು ನಿಮಗೆ ಗೊತ್ತೇ ಇದೆ. ಕರ್ನಾಟಕದ ಹಳ್ಳಿಗಳ ಶೇಕಡಾ 76.04 ಜನ, ಪಟ್ಟಣಗಳ 49.36 ಜನ ಇದರೊಳಗೆ ಬಂದರು, ಒಟ್ಟು ನಾಲ್ಕು ಕೋಟಿ. ಅದೇ ವರ್ಷ ಜುಲೈನಲ್ಲಿ ಸಿದ್ದರಾಮಯ್ಯನವರ ಅನ್ನಭಾಗ್ಯ, ಕೇಜಿಗೆ ಒಂದು ರೂಪಾಯಿ. 2015ರ ಮೇ ತಿಂಗಳಿಂದ ಅದೂ ಬಿಟ್ಟಿ. 2023ರಲ್ಲಿ ಹೆಚ್ಚುವರಿ ಐದು ಕೇಜಿಗೆ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರಲ್ಲಿ ಮತ್ತೆ ಅಕ್ಕಿಗೆ ಬಂದರು. ಈ ಯೋಜನೆಗಳಿಂದ ಲೈನುಗಳಲ್ಲಿ ಆದ ಬದಲಾವಣೆಯನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮಳೆಗಾಲದಲ್ಲಿ ಕೆಲಸ ನಿಂತಾಗ ಅಕ್ಕಿಗಾಗಿ ಮೇಸ್ತ್ರಿಯ ಹತ್ತಿರ ಸಾಲ ಮಾಡುವುದು ತಪ್ಪಿತು ಅನ್ನುವುದು ಸಣ್ಣ ಸಂಗತಿ ಅಲ್ಲ.

ಆದರೆ ಖಾನೆಗಳು ಉಳಿದೇ ಇವೆ. ಆದಾಯದ ಮಿತಿ 1.2 ಲಕ್ಷಕ್ಕೆ ಏರಿತು. ದಿನಕ್ಕೆ 400ರಂತೆ ಇಬ್ಬರು 20 ದಿನ ದುಡಿದರೆ ವರ್ಷಕ್ಕೆ 1,92,000. ಹಳೇ ಕತೆಯೇ! 2024ರ ನವೆಂಬರಿನಲ್ಲಿ ಅನರ್ಹರು ಅಂತ ಹಲವರ ಬಿಪಿಎಲ್ ಕಾರ್ಡು ರದ್ದಾಗಿ, ಗಲಾಟೆಯಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಬೇಕಾಯಿತು. ಇನ್ನು ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುವ ಮಷಿನ್. ವರ್ಷಗಟ್ಟಲೆ ಕಾಫಿ ಕುಯ್ದು, ಕತ್ತಿ ಹಿಡಿದು ಕಳೆ ಹೊಡೆದ ಬೆರಳಿನ ಗೆರೆ ಸವೆದಿದ್ದರೆ ಮಷಿನ್ ಒಪ್ಪುವುದಿಲ್ಲ. ಒಪ್ಪಿದರೂ ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ, 'ಸರ್ವರ್ ಇಲ್ಲ, ನಾಳೆ ಬನ್ನಿ'. ನಾಳೆ ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು. ಟೆಂಪಲ್ ಸಾಹೇಬನ ಹತ್ತು ಮೈಲಿ ಹೊಸ ವೇಷದಲ್ಲಿ ಬಂದಿದೆ ಅಷ್ಟೇ.

ಹಾಗಾದರೆ ಏನು ಮಾಡಬೇಕು? ಶ್ರೀಮಂತರಿಗೂ ಅಕ್ಕಿ ಕೊಡಬೇಕಾ ಅಂತ ಗೆಳೆಯರು ಕೇಳುತ್ತಾರೆ. ಪಕ್ಕದ ತಮಿಳುನಾಡು 1997ರಲ್ಲಿ ಜನರನ್ನು ಹೀಗೆ ಒಡೆಯಲು ಒಪ್ಪದೆ ಎಲ್ಲರಿಗೂ ತೆರೆದ ಪಡಿತರವನ್ನೇ ಉಳಿಸಿಕೊಂಡಿತು. ಬೇಡದವರು ತಾವೇ ಬರುವುದಿಲ್ಲ, ಸೊಸೈಟಿ ಅಕ್ಕಿಗೆ ಕ್ಯೂ ನಿಲ್ಲಲು ಯಾವ ಶ್ರೀಮಂತನಿಗೂ ಪುರುಸೊತ್ತಿಲ್ಲ. ಇನ್ನೊಂದು ಉದಾಹರಣೆ ನಮ್ಮ ತೋಟಗಳಲ್ಲೇ ಇದೆ. ಈಗ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರು ಬಹಳ. 'ಒಂದು ದೇಶ ಒಂದು ಕಾರ್ಡು' ಯೋಜನೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು, ಎಲ್ಲರಿಗಿಂತ ಕೊನೆಗೆ 2022ರ ಜೂನ್‌ನಲ್ಲಿ ಅಸ್ಸಾಂ ಸೇರಿತು. ಅಲ್ಲಿನ ಕಾರ್ಡು ಇದ್ದವರು ಕೇಂದ್ರದ ಪಾಲಿನ ಅಕ್ಕಿಯನ್ನು ಇಲ್ಲಿನ ಸೊಸೈಟಿಯಲ್ಲಿ ತೆಗೆದುಕೊಳ್ಳಬಹುದು. ಇಲ್ಲಿನ ವಿಳಾಸ ಕೇಳುವಂತಿಲ್ಲ. ಲೈನಿನವರನ್ನು ಇಷ್ಟು ಕಾಲ ಕಾಡಿದ ಖಾನೆಯನ್ನು ಇಲ್ಲಿ ತೆಗೆದುಹಾಕಿದರು. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಒಂದು ಖಾನೆ ಸೇರಿಸುವುದು ಐದು ನಿಮಿಷದ ಕೆಲಸ. ಅದನ್ನು ಸೇರಿಸುವ ಮೊದಲು ಇದನ್ನು ತುಂಬಲಾಗದವರು ಯಾರು ಅಂತ ಯಾರಾದರೂ ಒಂದು ಸಲ ಕೇಳಿದ್ದರೆ ಸಾಕಿತ್ತು ಅನ್ನಿಸುತ್ತದೆ.

ನಿಮ್ಮ ಊರಿನ ಕಡೆ ಲೆವಿ ಕಾಲದ, ಹಸಿರು ಕಾರ್ಡಿನ, ಆರ್‌ಆರ್ ನಂಬರಿನ ನೆನಪುಗಳಿದ್ದರೆ ದಯವಿಟ್ಟು ಬರೆಯಿರಿ. ಸರ್ಕಾರದ ಕಡತದಲ್ಲಿ ಕೊಟ್ಟ ಅಕ್ಕಿಯ ಲೆಕ್ಕ ಸಿಗುತ್ತದೆ, ಸಿಗದೆ ವಾಪಸ್ ಹೋದವರ ಲೆಕ್ಕ ನಾವು ಬರೆದಿಟ್ಟರೆ ಮಾತ್ರ ಉಳಿಯುತ್ತದೆ.