ಕಪಾಟಿನ ಬಾಗಿಲು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಪೀರನವಾಡಿ ಸಿಗುತ್ತದೆ. ಅಲ್ಲಿಂದ ಒಂದು ಹಾದಿ ಖಾನಾಪುರದ ಕಾಡಿಗೆ, ಇನ್ನೊಂದು ಜಾಂಬೋಟಿ, ಚೋರ್ಲಾ ಘಾಟಿನ ಮೇಲೆ ಗೋವೆಗೆ. ನಿಮ್ಮ ಅಡುಗೆಮನೆಯ ಕಪಾಟಿಗೆ ಈ ಎರಡೂ ದಿಕ್ಕಿನ ನಂಟಿದೆ.

ಸಂಸ್ಕೃತದಲ್ಲಿ ‘ಕಪಾಟ’ ಎಂದರೆ ಬಾಗಿಲು. ವೈದ್ಯರು ಹೇಳುವ ಹೃದಯದ ‘ಕವಾಟ’ವೂ ಅದೇ ಮಾತು. ನಾವು ಆ ಹೆಸರನ್ನು ಇಡೀ ಪೆಟ್ಟಿಗೆಗೆ ಕೊಟ್ಟೆವು. ಹಳೆಯ ಮನೆಯ ದಪ್ಪ ಗೋಡೆಯಲ್ಲಿ ಗೂಡು ಮೊದಲೇ ಇರುತ್ತಿತ್ತು. ಬಡಿಗೇರರು ಮಾಡಬೇಕಾದದ್ದು ಚೌಕಟ್ಟು, ಬಾಗಿಲು ಅಷ್ಟೇ. ಹೆಸರು ಬಾಗಿಲಿನದೇ ಆದದ್ದು ಅದಕ್ಕೇ ಇರಬೇಕು. ಗೋಡೆ ಬಿಟ್ಟು ತಾನೇ ನಿಲ್ಲುವ ‘ಅಲಮಾರಿ’ಯ ಹೆಸರು ಮಾತ್ರ ಪೋರ್ಚುಗೀಸರದು, ಈ ಭಾಗದವರು ಕೀಲಿಕೈಗೆ ಹೇಳುವ ‘ಚಾವಿ’ಯೂ ಅವರದೇ. 1510ರಿಂದ 1961ರವರೆಗೆ ಅವರು ಗೋವೆಯಲ್ಲಿದ್ದರಲ್ಲ!

ಇನ್ನು ಮರ. ಖಾನಾಪುರದ ಕಡೆಯ ಸಾಗವಾನಿ, ಹೊನ್ನೆ, ಮತ್ತಿ ಎಲ್ಲವೂ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಹಳೆಯ ಬಡಿಗೇರರು ಇದಕ್ಕೆ ಕಂಡುಕೊಂಡ ಉಪಾಯ ನೋಡಿ: ನಾಲ್ಕು ಪಟ್ಟಿಗಳ ಚೌಕಟ್ಟನ್ನು ಬಿಗಿಯಾಗಿ ಜೋಡಿಸಿ, ಒಳ ಅಂಚಿನಲ್ಲಿ ಸೀಳು ತೆಗೆದು, ನಡುವಿನ ಹಲಗೆಯನ್ನು ಅದರೊಳಗೆ ಸಡಿಲವಾಗಿ ಕೂಡಿಸುತ್ತಿದ್ದರು. ಹಲಗೆಗೆ ಅಂಟಿಲ್ಲ, ಮೊಳೆಯಿಲ್ಲ. ಅದು ಅಲ್ಲಿಯೇ ಉಸಿರಾಡುತ್ತದೆ. ಆಗಿನ ಅಂಟು ಚರ್ಮ, ಎಲುಬು ಕುದಿಸಿ ಮಾಡಿದ್ದು; ಬಿಸಿಯಿದ್ದಾಗಲೇ ಹಚ್ಚಬೇಕು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಕಷ್ಟ ತಪ್ಪಿತು, ಆದರೆ ಮನೆಯಲ್ಲಿ ತಾವೇ ಬಾಗಿಲು ಮಾಡುವವರು ಈ ಸಡಿಲ ಹಲಗೆಗೂ ಅಂಟು ಸುರಿಯುತ್ತಾರೆ. ಹಲಗೆ ಸೀಳುವುದು ಅದರಿಂದಲೇ.

ಪ್ಲೈವುಡ್ ಈ ಪ್ರಶ್ನೆಗೆ ಬೇರೆ ಉತ್ತರ. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡ-ಉದ್ದ ಅಂಟಿಸುವುದರಿಂದ ಹಿಗ್ಗು ಬಹಳ ಕಡಿಮೆ. ಅದರ ಸಂಶೋಧನೆಗೆಂದೇ 1962ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆ ಹುಟ್ಟಿತು. ಆದರೆ ಕೊಯ್ದ ಅಂಚು ನೀರು ಕುಡಿಯುತ್ತದೆ; ಅಂಚಿಗೆ ಪಟ್ಟಿ ಹಚ್ಚದೆ ಸಿಂಕಿನ ಕೆಳಗೆ ಕೂಡಿಸಬೇಡಿ.

ಹಳೆಯ ಮನೆ ಕೆಡವುವಾಗ ಸಾಗವಾನಿ ಬಾಗಿಲುಗಳನ್ನು ಉರುವಲಿನ ಬೆಲೆಗೆ ಕೊಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಂಥ ಒಂದು ಜೋಡಿ ನಿಮ್ಮಲ್ಲಿದ್ದರೆ ಬಣ್ಣ ಕೆರೆದು ನೋಡಿ, ಗೂಡಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆಯಿರಿ. ಹಳೆಯ ಗೋಡೆ ನೇರವಾಗಿರುವುದು ಅಪರೂಪ. ಅತಿ ಕಡಿಮೆ ಬಂದ ಅಳತೆಗೆ ಚೌಕಟ್ಟು ಮಾಡಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಉದ್ದ ಸಮನಾದ ಮೇಲೆಯೇ ಬಿಜಾಗರಿ ಕೂಡಿಸಿ. ಬಾಗಿಲ ಸುತ್ತ ಎರಡು-ಮೂರು ಮಿಲಿಮೀಟರ್ ಸಂದು ಇರಲಿ. ಜುಲೈ ತಿಂಗಳಲ್ಲಿ ಅದು ಬೇಕಾಗುತ್ತದೆ.